ಸಿದ್ದಿಯರ ಕೇರಿಯ ಹೊಸ ಗೋಡೆಗಳು

ಮುನವಳ್ಳಿಯ ತಾಯವ್ವ ಮೊದಲು ಬರೀ ಕಲ್ಲು, ಮಣ್ಣು ಹೊರುವವಳು. ಹೊಳೆ ಉಕ್ಕಿ ಬಂದು ಅವಳ ಓಣಿ ಕುಸಿದ ವರ್ಷ, ಕರಣಿ ಹಿಡಿದು ತನ್ನ ಮನೆಯನ್ನು ತಾನೇ ಕಟ್ಟಿಕೊಂಡಳು. ಅಂದಿನಿಂದ ಊರವರ ಬಾಯಲ್ಲಿ ಅವಳು ಗೌಂಡಿ ತಾಯವ್ವ.

ಈ ಸಲ ಮಳೆಗಾಲಕ್ಕೆ ಮೊದಲೇ ಎದ್ದ ಬಿರುಗಾಳಿ ಕಿತ್ತೂರಿನಾಚೆ ಕಾಡಂಚಿನ ಸಿದ್ದಿಯರ ಕೇರಿಯನ್ನು ನೆಲಸಮ ಮಾಡಿತು. ತಗಡುಗಳು ಹಾರಿ ಮರಕ್ಕೆ ಸಿಕ್ಕಿಕೊಂಡವು. ಜೊತೆಗೆ ಸುರಿದ ಮಳೆಗೆ ಮಣ್ಣಿನ ಗೋಡೆಗಳು ಕರಗಿಹೋದವು. ಮುನವಳ್ಳಿಯಿಂದ ಅಕ್ಕಿ, ಹಳೆಯ ಬಟ್ಟೆ ತುಂಬಿದ ಟೆಂಪೊ ಹೊರಟಾಗ ತಾಯವ್ವನೂ ಹತ್ತಿ ಕುಳಿತಳು.

ಕೇರಿಯಲ್ಲಿ ಬಟ್ಟೆಯ ಗಂಟು ಬಿಚ್ಚುತ್ತಿದ್ದಂತೆ ಮಂಜುಳಾ ಎಂಬ ಸಿದ್ದಿ ಹೆಂಗಸು ಮುಂದೆ ಬಂದಳು.

"ಅಕ್ಕಿ ಇಳಸ್ರಿ, ಉಪಕಾರ ಆತು. ಅರಿವಿ ಹೊಳ್ಳಿ ಒಯ್ರಿ. ಮಂದಿ ಉಟ್ಟು ಬಿಟ್ಟದ್ದು ನಮಗ ಬ್ಯಾಡ."

ಬಂದವರ ಮುಖ ಸಪ್ಪಗಾಯಿತು. ತಾಯವ್ವನಿಗೆ ಮಾತ್ರ ಆ ಮಾತು ಎದೆಗೆ ತಾಗಿತು. ಹೊಳೆ ಬಂದ ವರ್ಷ ತಾನು ಆಡಲಾರದೆ ನುಂಗಿಕೊಂಡ ಮಾತದು.

"ಮತ್ತೇನ್ ಬೇಕವ್ವಾ ನಿಮಗ?"

"ಗಾಳಿಗೆ ಬೀಳದಂಥಾ ಮನಿ."

"ಹಂಗಾರ ನಾ ಇಲ್ಲೇ ಉಳೀತೇನಿ. ಆದರ ಕಟ್ಟಾವರು ನೀವು."

ಟೆಂಪೊ ಅವಳನ್ನು ಬಿಟ್ಟು ಹೋಯಿತು.

ಮರುದಿನ ಬೆಳಿಗ್ಗೆಯೇ ಹೆಂಗಸರು ಕಾಡಂಚಿನಲ್ಲಿ ಬಿದ್ದಿದ್ದ ಕಲ್ಲುಗಳನ್ನು ಆರಿಸಿ ತಂದರು. ತಾಯವ್ವ ಮೂಲೆಗಲ್ಲು ಕೂರಿಸುವುದನ್ನು ಕಲಿಸಿದಳು. ಮಂಜುಳಾ ಎಬ್ಬಿಸಿದ ಮೊದಲ ಗೋಡೆ ವಾಲಿತ್ತು. ತಾಯವ್ವ ಬಾಯಿ ತೆರೆಯುವ ಮುಂಚೆಯೇ ಅವಳು ಅದನ್ನು ಕೆಡವಿ ಮತ್ತೆ ಶುರುಮಾಡಿದಳು. ಯಾವ ಮರಕ್ಕೆ ಹುಳ ಹಿಡಿಯುವುದಿಲ್ಲ ಎಂಬುದನ್ನು ಗಂಡಸರು ತಾಯವ್ವನಿಗೆ ಹೇಳಿಕೊಟ್ಟರು. ತೊಲೆಯ ತುದಿಯನ್ನು ಗೋಡೆಯೊಳಗೆ ಹೂತು, ತಗಡನ್ನು ಅದಕ್ಕೆ ತಂತಿಯಿಂದ ಬಿಗಿಯುವುದನ್ನು ಅವಳು ಅವರಿಗೆ ತೋರಿಸಿದಳು. ಊಟಕ್ಕೆ ಅವಳನ್ನು ದಿನಕ್ಕೊಂದು ಮನೆಯವರು ಜಗ್ಗಾಡಿ ಕರೆದೊಯ್ಯುತ್ತಿದ್ದರು.

ಕೊನೆಯ ಮನೆಗೆ ತಗಡು ಹೊದಿಸಿದ ವಾರದಲ್ಲೇ ಮತ್ತೆ ಗಾಳಿ ಎದ್ದಿತು. ಮಟಮಟ ಮಧ್ಯಾಹ್ನ ಕತ್ತಲಾಯಿತು. ಎಲ್ಲರೂ ಒಳಗೆ ಕುಳಿತು ತಲೆಯ ಮೇಲಿನ ಸದ್ದು ಕೇಳಿದರು. ತಗಡು ಗಡಗಡ ನಡುಗಿತು, ಆದರೆ ಹಾರಲಿಲ್ಲ. ಗಾಳಿಮಳೆ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಒಂದು ಕಲ್ಲೂ ಕದಲಿರಲಿಲ್ಲ. ಹೆಂಗಸರು ಕೇಕೆ ಹಾಕಿ ಕುಣಿದರು; ತಾಯವ್ವನನ್ನೂ ನಡುವೆ ಎಳೆದುಕೊಂಡರು.

ಹಾನಿ ನೋಡಲು ಬಂದ ಸಾಹೇಬರೊಬ್ಬರು ಬೆರಗಾಗಿ ಕೇಳಿದರು: "ಇಷ್ಟು ಗಟ್ಟಿ ಮನೆ ಯಾರು ಕಟ್ಟಿಸಿಕೊಟ್ಟರು ನಿಮಗೆ?"

"ಯಾರೂ ಕಟ್ಟಿಸಿಕೊಟ್ಟಿಲ್ರಿ," ಎಂದಳು ಮಂಜುಳಾ, ತಲೆ ಎತ್ತಿ. "ನಾವ ಕಟ್ಟೇವಿ."

ಸಾಹೇಬರು ತಾಯವ್ವನತ್ತ ತಿರುಗಿದರು. "ನೀವು?"

ಆ 'ನಾವ' ಎಂಬ ಮಾತಿಗೆ ತಾಯವ್ವನ ಎದೆ ಉಬ್ಬಿತ್ತು.

"ನಾ ಇವರ ಬೀಗತಿ ರೀ," ಎಂದು ನಕ್ಕಳು ಅವಳು. "ಉಣ್ಣಾಕ ಬಂದೇನಿ."