ಕಂಬ ಕೀಳುವ ದಿನ

1831ರ ಆಗಸ್ಟ್ ತಿಂಗಳ ಮೂರನೆಯ ವಾರ. ಓನಟಬಿ ಮನೆಯ ಹೊಸ್ತಿಲ ಮೇಲೆ ಕುಳಿತು ಕಡ್ಡಿ ಹೆರೆಯುತ್ತಿದ್ದ. ದೊಡ್ಡವರಿಗೆ ತಲೆಗೊಂದು ಗೇಣುದ್ದದ ಕಡ್ಡಿ, ಹತ್ತು ವರ್ಷ ದಾಟಿದ ಮಕ್ಕಳಿಗೆ ಅದರ ಅರ್ಧ, ಇನ್ನೂ ಚಿಕ್ಕವರಿಗೆ ಬೆರಳುದ್ದ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರಲ್ಲಿ ಅಕ್ಷರ ಬಲ್ಲವರು ಕಡಿಮೆ. ಒಂದು ಮನೆಯಲ್ಲಿ ಎಷ್ಟು ಜೀವ ಎಂಬುದನ್ನು ಹೀಗೆಯೇ ಕಟ್ಟು ಕಟ್ಟಿ ತೋರಿಸುತ್ತಿದ್ದರು. ಕಟ್ಟನ್ನು ಸರ್ಕಾರದ ಏಜೆಂಟನ ಮುಂದಿಟ್ಟು ಒಂದೊಂದು ಕಡ್ಡಿಗೂ ಹೆಸರು ಹೇಳಿದರೆ ಅವನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆಸಿದವರು ತಲೆಯೆಣಿಕೆಯಂತೆ ಜಮೀನು ಪಡೆದು ತಮ್ಮ ಹೊಲಮನೆಯಲ್ಲೇ ಉಳಿಯಬಹುದು. ಬರೆಸದವರು ಮಿಸಿಸಿಪಿ ನದಿ ದಾಟಿ ಪಶ್ಚಿಮಕ್ಕೆ ಹೋಗಬೇಕು. ಹಿಂದಿನ ವರ್ಷ ಮುಖಂಡರು ಗುರುತು ಹಾಕಿ ಬಂದ ಒಪ್ಪಂದದಲ್ಲಿ ಹಾಗಿತ್ತು. ಹೆಸರು ಬರೆಸಲು ಕೊಟ್ಟ ಆರು ತಿಂಗಳಲ್ಲಿ ಈಗ ಐದು ದಿನ ಉಳಿದಿತ್ತು. ಓನಟಬಿ ಎರಡು ಸಲ ಹೋಗಿ ಬಂದಿದ್ದ. ಎರಡು ಸಲವೂ ಏಜೆಂಟನಿಗೆ ಮೈ ಸರಿಯಿಲ್ಲವೆಂದು ಬಾಗಿಲು ಹಾಕಿತ್ತು.

ಮೂರು ಉದ್ದದ ಕಡ್ಡಿಗಳಾದವು: ತನಗೊಂದು, ತಂಗಿಯ ಮಗಳು ಪಿಸಹೋಕೆಗೊಂದು, ಅವಳ ಗಂಡ ಇಮಾಹಬಿಗೊಂದು. ಅವಳ ಎದೆಹಾಲು ಕುಡಿಯುವ ಮಗು ಚಿಟೊಗೆ ಬೆರಳುದ್ದದ್ದು ಒಂದು. ಅಲ್ಲಿಗೆ ಮುಗಿಯಬೇಕಿತ್ತು. ಓನಟಬಿಯ ಕೈ ಇನ್ನೊಂದು ತುಂಡನ್ನು ಎತ್ತಿಕೊಂಡಿತು.

ಹೊಲದ ಅಂಚಿನಲ್ಲಿ ಪಿಸಹೋಕೆ ಅಳುತ್ತಿದ್ದಳು. ಅದು ಬೆಳಗಿನ ಅಳು. ಜುಲೈ ಕೊನೆಯಲ್ಲಿ ಅವಳ ಎಂಟು ವರ್ಷದ ಮಗಳು ಮೂರು ದಿನದ ಜ್ವರದಲ್ಲಿ ಹೋಗಿದ್ದಳು. ಗೋರಿಯ ಸುತ್ತ ಕೆಂಪು ಬಳಿದ ಏಳು ಕಂಬ ನೆಟ್ಟಿದ್ದರು. ಕಂಬಗಳು ನಿಂತಿರುವ ನಾಲ್ಕು ತಿಂಗಳು ತಾಯಿ ದಿನಕ್ಕೆ ಮೂರು ಹೊತ್ತು, ಸೂರ್ಯ ಹುಟ್ಟುವಾಗ, ನೆತ್ತಿಗೆ ಬಂದಾಗ, ಮುಳುಗುವಾಗ, ಅಲ್ಲಿಗೆ ಹೋಗಿ ಕಂಬಳಿ ಹೊದ್ದು ಅಳಬೇಕು. ತಲೆ ಬಾಚುವ ಹಾಗಿಲ್ಲ. ನಾಲ್ಕು ತಿಂಗಳಾದ ಮೇಲೆ ನೆಂಟರೆಲ್ಲ ಸೇರಿ ಕಂಬ ಕೀಳುತ್ತಾರೆ, ಊಟ ಹಾಕುತ್ತಾರೆ. ಅಂದಿನಿಂದ ಸತ್ತವರಿಗಾಗಿ ಅಳುವಂತಿಲ್ಲ. ಅಂದಿನವರೆಗೆ ಸತ್ತವರು ಮನೆಯವರೇ.

ಓನಟಬಿ ಮೂರು ವರ್ಷದ ಹಿಂದೆ ಪಾದ್ರಿಗಳ ಕೈಯಲ್ಲಿ ದೀಕ್ಷಾಸ್ನಾನ ಪಡೆದವನು. ಮಗು ದೇವರ ಹತ್ತಿರ ಇದೆ, ಕಂಬದ ಹತ್ತಿರ ಅಲ್ಲ ಎಂದು ಪಾದ್ರಿಗಳು ಹೇಳಿದ್ದರು. ಅವನು ತಲೆಯಾಡಿಸಿದ್ದ. ಅವನು ಅದನ್ನು ನಂಬಿಯೂ ಇದ್ದ. ಆದರೆ ದೇವರು ಬಹಳ ದೊಡ್ಡವನು, ಕಂಬ ಕೀಳುವವರೆಗೆ ಕಾಯಲಾರದವನಲ್ಲ ಎಂದೂ ಅವನಿಗೆ ಅನ್ನಿಸುತ್ತಿತ್ತು.

ಅವನು ಐದನೆಯ ಕಡ್ಡಿಯನ್ನೂ ಹೆರೆದು, ನಾರಿನಿಂದ ಕಟ್ಟು ಕಟ್ಟಿದ.

ಅಳು ಮುಗಿಸಿ ಬಂದ ಪಿಸಹೋಕೆ ಕಟ್ಟನ್ನು ನೋಡಿದಳು. ತಣ್ಣಗಿನ ಮುಸುಕಿನ ಜೋಳದ ಗಂಜಿಯನ್ನು ಬೋಗುಣಿಗೆ ಹಾಕಿ ತಂದು ಮುಂದಿಟ್ಟಳು.

"ಮಾವ, ಈ ಸಲ ಬರೆಸಿಕೊಂಡೇ ಬಾ. ಇಲ್ಲಿಂದ ಎಬ್ಬಿಸಿದ್ರೆ ನನ್ ಅಳು ಅರ್ಧಕ್ಕೇ ನಿಲ್ಲುತ್ತೆ."

"ಬರೆಸ್ತೀನಿ ತಾಯಿ. ಈ ಸಲ ಬಾಗ್ಲು ಹಾಕಿದ್ರೆ ಅದರ ಮುಂದೇ ಮಲಗ್ತೀನಿ."

"ನನ್ ಮಗನ ಅಪ್ಪ ಜೊತೆಗೆ ಬರ್ತಾರಂತೆ," ಎಂದಳು. ಗಂಡನ ಹೆಸರನ್ನು ಹೆಂಡತಿ ಹೇಳುವುದು ಅವರಲ್ಲಿಲ್ಲ.

"ಬೇಡ. ಅವನು ಜೋಳ ಮುರೀಲಿ. ಉಳಿಯೋ ಜನಕ್ಕೆ ಊಟ ಬೇಡ್ವೆ?"

ಏಜೆಂಟನ ಕಚೇರಿ ಒಂದು ದಿನದ ದಾರಿ. ಮರುದಿನ ಬೆಳಿಗ್ಗೆ ಓನಟಬಿ ಅಲ್ಲಿ ಮುಟ್ಟುವಾಗ ಮರದ ಕೆಳಗೆ ನಲವತ್ತು ಜನ ಕಾದಿದ್ದರು. ಅವನ ಹಿಂದೆಯೇ ಬಂದು ನಿಂತವನು ಇಲಾಪಟಬಿ, ಪಕ್ಕದ ಹಳ್ಳದ ಮುದುಕ. ಅವನದು ಬೇರೆ ಕುಲ. ತಮ್ಮ ಕುಲದ ಹೆಣವನ್ನು ತಾವೇ ಮಣ್ಣು ಮಾಡುವ ಹಾಗಿಲ್ಲವಾದ್ದರಿಂದ ಹುಡುಗಿಯ ಗೋರಿಗೆ ಕಂಬ ನೆಟ್ಟವನು ಅವನೇ; ಕೀಳಬೇಕಾದವನೂ ಅವನೇ. ಅವನ ಮನೆಯಲ್ಲಿ ಹದಿನಾಲ್ಕು ಜನ.

"ಏನಪ್ಪಾ, ಕಡ್ಡಿ ತಾ ಅಂದ್ರೆ ಪೊರಕೆ ತಂದಿದ್ದೀಯ?" ಎಂದು ಯಾರೋ ಅವನ ಕಟ್ಟನ್ನು ನೋಡಿ ಕೇಳಿದರು.

"ಹೌದಯ್ಯ. ಏಜೆಂಟ್ ಬರೆದುಕೊಳ್ದೆ ಇದ್ರೆ ಅವನ ಅಂಗಳಾನಾದ್ರೂ ಗುಡಿಸಿ ಬರೋಣ ಅಂತ," ಎಂದ ಇಲಾಪಟಬಿ. ಜನ ನಕ್ಕರು. ಓನಟಬಿಯೂ ನಕ್ಕ. ಮಗು ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು, ನಕ್ಕದ್ದಕ್ಕೆ ನಾಚಿಕೆಯಾಯಿತು.

ಅವನ ಸರದಿ ಬಂದಾಗ ಬಿಸಿಲು ಏರಿತ್ತು. ಏಜೆಂಟ್ ಜಗಲಿಯ ಮೇಲೆ ಮೇಜು ಹಾಕಿಕೊಂಡಿದ್ದ. ಕಣ್ಣು ಕೆಂಪಗಿದ್ದವು, ಬಾಯಿಂದ ವಿಸ್ಕಿಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ನಿಂತ ದುಭಾಷಿ ಕ್ರವಾತ್ ಚಾಕ್ಟಾ ತಾಯಿಯ ಮಗ. ಮಾತು ಆಚೆಯಿಂದೀಚೆಗೆ ದಾಟಿಸುವುದು ಅವನ ಕೆಲಸ.

ಓನಟಬಿ ಕಟ್ಟು ಬಿಚ್ಚಿ ಕಡ್ಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದ. ಓನಟಬಿ. ಪಿಸಹೋಕೆ. ಇಮಾಹಬಿ. ಚಿಟೊ. ಏಜೆಂಟನ ಲೇಖನಿ ಒಂದೊಂದನ್ನೂ ಬರೆದುಕೊಂಡು ಐದನೆಯದಕ್ಕೆ ಕಾದು ನಿಂತಿತು. ಓನಟಬಿಯ ಬೆರಳು ಐದನೆಯ ಕಡ್ಡಿಯ ಮೇಲಿತ್ತು. ಬಾಯಿ ತೆರೆಯಲಿಲ್ಲ.

ಮನೆಯಿಂದ ಹೊರಟಾಗಿನಿಂದ ಈ ಗಳಿಗೆಯ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಕಡ್ಡಿಗೆ ಹೆಸರು ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು. ಸತ್ತವರ ಹೆಸರನ್ನು ನಾಲಗೆಗೆ ತರಬಾರದೆಂಬುದೂ ಹುಟ್ಟಿದಂದಿನಿಂದ ಗೊತ್ತಿತ್ತು. ಇವೆರಡೂ ಈ ಮೇಜಿನ ಮೇಲೆ ಬಂದು ಎದುರುಬದುರಾಗುತ್ತವೆಂದು ಮಾತ್ರ ಹೊಳೆದಿರಲಿಲ್ಲ.

"ಹೆಸರು ಕೇಳ್ತಿದಾರೆ," ಎಂದ ಕ್ರವಾತ್.

"ಮಗು," ಎಂದ ಓನಟಬಿ. "ಹೆಣ್ಣುಮಗು."

"ಅದಕ್ಕೊಂದು ಹೆಸರಿಲ್ವಾ?"

"ಇದೆ. ಈಗ ಹೇಳೋ ಹಾಗಿಲ್ಲ."

ಕ್ರವಾತನಿಗೆ ಅರ್ಥವಾಯಿತು. ಅವನು ಏಜೆಂಟನ ಕಡೆ ತಿರುಗದೆ, ತುಟಿ ಅಲ್ಲಾಡದ ಹಾಗೆ ಹೇಳಿದ. "ಅಜ್ಜಾ, ಬಾಯಿಗೆ ಬಂದ ಯಾವ್ದಾದ್ರೂ ಹೆಸರು ಹೇಳು. ಮನೇಲಿ ಮಲಗಿದ್ದಾಳೆ ಅನ್ನು. ಅವನೇನು ಬಂದು ನೋಡ್ತಾನಾ? ನಾನು ಹಾಗೇ ದಾಟಿಸ್ತೀನಿ."

ಒಂದು ಹೆಸರು. ಯಾವುದಾದರೂ ಸರಿ. ಓನಟಬಿ ಹುಡುಕಿದ. ಊರಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಹೆಸರೆಲ್ಲ ನೆನಪಿಗೆ ಬಂದವು. ಅವುಗಳಲ್ಲಿ ಯಾವುದನ್ನು ಈ ಕಡ್ಡಿಯ ಮೇಲಿಟ್ಟರೂ ಸುಳ್ಳು. ಬದುಕಿರುವ ಒಂದು ಮಗುವಿನ ಹೆಸರನ್ನು ಗೋರಿಗೆ ಒಯ್ದಂತೆ. ದೇವರ ಮುಂದೆ ಸುಳ್ಳಾಡುವುದಿಲ್ಲವೆಂದು ನೀರಿನಲ್ಲಿ ನಿಂತು ಹೇಳಿದವನು ಅವನು. ಕಡ್ಡಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕೇ ಜನ, ತಪ್ಪಾಯಿತು ಎನ್ನಬಹುದಿತ್ತು. ಅದು ಅವನಿಗೆ ಹೊಳೆಯಿತು. ಕೈ ಏಳಲಿಲ್ಲ.

"ಮಲಗಿದ್ದಾಳೆ," ಎಂದ. ಸ್ವಲ್ಪ ತಡೆದು, "ಏಳು ಕಂಬದ ನಡುವೆ," ಎಂದ.

ಕ್ರವಾತ್ ಕಣ್ಣು ಮುಚ್ಚಿ ತೆರೆದ. ಅಷ್ಟರಲ್ಲಿ ಏಜೆಂಟ್ ಏನೆಂದು ಗದರಿಸಿ ಕೇಳಿದ. ಚಾಕ್ಟಾ ಮಾತಿನಲ್ಲಿ ಕಂಬವೆಂದರೆ ಗೋರಿಯೆಂಬಷ್ಟು ಅವನಿಗೂ ತಿಳಿಯುತ್ತಿತ್ತು. ಕ್ರವಾತ್ ಏನೋ ಮೆತ್ತಗೆ ಹೇಳಿದ. ಏಜೆಂಟ್ ನಗುತ್ತಾ ನಗುತ್ತಾ ಸಿಟ್ಟಿಗೆದ್ದ.

"ಸತ್ತವರಿಗೂ ಜಮೀನು ಕೇಳೋಕೆ ಬಂದ್ಯಾ ಅಂತಿದಾರೆ," ಎಂದ ಕ್ರವಾತ್, ನೆಲ ನೋಡುತ್ತಾ. "ನೀವೆಲ್ಲ ಇದೇ ಕಳ್ಳಾಟ ಆಡ್ತೀರಂತೆ."

"ಜಮೀನು ಬೇಡ ಅನ್ನು. ಅವಳ ಪಾಲು ಬೇಡ. ಬರೀ ಲೆಕ್ಕಕ್ಕಿರ್ಲಿ ಅಂತ..."

ಆ ಮಾತು ದಾಟಲಿಲ್ಲ. ಏಜೆಂಟ್ ಕಡ್ಡಿಗಳನ್ನು ಅಂಗೈಯಿಂದ ಬಳಿದು ಜಗಲಿಯಾಚೆಯ ಕಳೆಗಿಡಗಳಿಗೆ ಎಸೆದ. ಬರೆದಿದ್ದ ನಾಲ್ಕು ಹೆಸರಿನ ಮೇಲೆ ಉದ್ದ ಗೆರೆ ಎಳೆದ. ಆಮೇಲೆ ಮರದ ಕೆಳಗಿನ ಜನರ ಕಡೆ ಕೈ ಬೀಸಿ ಪುಸ್ತಕ ಮುಚ್ಚಿದ. ಇವತ್ತು ಇನ್ನು ಬರೆಯುವುದಿಲ್ಲ, ನಾಳೆಯೂ ಇಲ್ಲ; ಈಗಾಗಲೇ ಬಹಳ ಜನವಾಗಿದ್ದಾರೆ, ಎಲ್ಲರೂ ನದಿ ದಾಟಿ ಹೋಗಿ ಎಂದ. ಇಲಾಪಟಬಿಯ ಹದಿನಾಲ್ಕು ಕಡ್ಡಿಗಳ ಕಟ್ಟು ಅವನ ಕಂಕುಳಲ್ಲೇ ಉಳಿಯಿತು.

ಇಬ್ಬರೂ ಒಟ್ಟಿಗೇ ಊರಿನ ದಾರಿ ಹಿಡಿದರು.

"ನನ್ ದೆಸೆಯಿಂದ ನಿನ್ ಮನೇನೂ ಹೋಯ್ತು," ಎಂದ ಓನಟಬಿ.

"ಹೋಗೋ ಮಾರಾಯ. ಅವನಿಗೆ ಪುಸ್ತಕ ಮುಚ್ಚೋಕೊಂದು ನೆಪ ಬೇಕಿತ್ತು. ನಿನ್ ಕಡ್ಡಿ ಇಲ್ದಿದ್ರೆ ನನ್ ಪೊರಕೆ ಇತ್ತಲ್ಲ."

ಇರಬಹುದು. ಇಲ್ಲದಿರಲೂಬಹುದು. ಆ ಒಂದು ಕಡ್ಡಿಯನ್ನು ಹೆರೆಯದಿದ್ದರೆ ಏನಾಗುತ್ತಿತ್ತೆಂದು ದೇವರನ್ನು ಬಿಟ್ಟು ಯಾರಿಗೂ ತಿಳಿಯದು. ಓನಟಬಿ ಆ ರಾತ್ರಿ ಮೊಣಕಾಲೂರಿ ಅದನ್ನೇ ಕೇಳಿದ.

ಮರುದಿನ ಅವನು ಮನೆ ಮುಟ್ಟಿದಾಗ ಇಮಾಹಬಿ ಅಂಗಳದಲ್ಲಿ ಜೋಳ ಸುಲಿಯುತ್ತಿದ್ದ. ನಡೆದುದನ್ನು ಕೇಳಿ ಕೈಯಲ್ಲಿದ್ದ ತೆನೆಯನ್ನು ಗೋಡೆಗೆ ಎಸೆದ.

"ನಾಲ್ಕು ಜನ ಬದುಕಿದೀವಿ ಹಿರಿಯರೇ! ನಾಲ್ಕು ಜನಕ್ಕೆ ಬೇಕಾಗಿತ್ತು ಈ ನೆಲ. ನಾನೇನು ಅವಳಪ್ಪ ಅಲ್ವಾ? ನಂಗೇನು ಹೊಟ್ಟೆ ಉರಿಯಲ್ವಾ? ಒಂದ್ ಸುಳ್ಳು... ಒಂದೇ ಒಂದ್ ಸುಳ್ಳು ಹೇಳೋಕಾಗ್ಲಿಲ್ಲ ನಿಮಗೆ!"

ಓನಟಬಿ ತಲೆ ತಗ್ಗಿಸಿ ನಿಂತಿದ್ದ. ಪಿಸಹೋಕೆ ಮಗುವನ್ನು ಸೊಂಟದಿಂದ ಇಳಿಸಿ ಹತ್ತಿರ ಬಂದಳು.

"ಮಾವ, ಅವಳನ್ನ ಇಟ್ಯಾ ಮೇಜಿನ ಮೇಲೆ? ನಮ್ಮೆಲ್ಲರ ಜೊತೆ?"

"ಇಟ್ಟೆ."

"ಅವನು ಗದರಿಸಿದಾಗ್ಲೂ ತೆಗೀಲಿಲ್ವಾ?"

"ಕೈ ಬರ್ಲಿಲ್ಲ ತಾಯಿ."

ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಒಳ್ಳೇದು ಮಾಡ್ದೆ," ಎಂದಳು. ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

ಅವರನ್ನು ಪಶ್ಚಿಮಕ್ಕೆ ಒಯ್ಯುವ ಗಾಡಿಗಳು ಅಕ್ಟೋಬರ್ ನಡುವಿನಲ್ಲಿ ಹೊರಡುತ್ತವೆಂದು ಸುದ್ದಿ ಬಂತು. ಇಲಾಪಟಬಿಯ ಮನೆಯವರೂ ಅದರಲ್ಲೇ ಹೋಗುವವರು. ಆ ಹೊತ್ತಿಗೆ ನಾಲ್ಕು ತಿಂಗಳಿಗೆ ಇನ್ನೂ ಆರು ವಾರ ಉಳಿದಿರುತ್ತದೆ. ಕಂಬವನ್ನು ಹಾಗೆಯೇ ಬಿಟ್ಟು ಹೋದರೆ ಮಗು ಹೋಗಲೂ ಆಗದೆ ಇರಲೂ ಆಗದೆ ಅಲ್ಲೇ ನಿಲ್ಲುತ್ತದೆ. ಕೀಳಲು ಇಲಾಪಟಬಿ ಒಬ್ಬನೇ ಇದ್ದ, ಅವನೂ ಹೊರಟ. ಹೊರಡುವ ಹಿಂದಿನ ದಿನವೇ ಕೀಳುವುದೆಂದು ನಿಶ್ಚಯವಾಯಿತು.

ನೂರು ಜನ ಸೇರಬೇಕಾದಲ್ಲಿ ಒಂಬತ್ತು ಜನ ಸೇರಿದರು. ಉಳಿದವರು ಪಾತ್ರೆ ಕಟ್ಟುವುದರಲ್ಲಿದ್ದರು. ನಡುಹಗಲಿನಲ್ಲಿ ಕೊನೆಯ ಸಲ ಎಲ್ಲರೂ ಗೋರಿಯ ಸುತ್ತ ಕುಳಿತು ಅತ್ತರು. ಪಿಸಹೋಕೆ ಆರು ವಾರದ್ದನ್ನೂ ಒಮ್ಮೆಗೇ ಅತ್ತು ಮುಗಿಸಬೇಕೆಂಬಂತೆ ಅತ್ತಳು, ಸ್ವರ ನಿಂತಿತು, ಮತ್ತೆ ಬಂತು. ಇಲಾಪಟಬಿ ಕಾದ. ಕೀಳುವವನು ಕಾಯಬೇಕಾದುದಕ್ಕಿಂತ ಹೆಚ್ಚು ಹೊತ್ತೇ ಕಾದ. ಕೊನೆಗೆ ಎದ್ದು ಒಂದೊಂದೇ ಕಂಬವನ್ನು ಅಲುಗಿಸಿ ಕಿತ್ತು ಕಾಡಿನೊಳಕ್ಕೆ ಒಯ್ದ. ಅವನ ಬಾಯಲ್ಲಿ ಆ ದಿನ ತಮಾಷೆ ಇರಲಿಲ್ಲ.

ಹೆಂಗಸರು ಪಿಸಹೋಕೆಯ ತಲೆಗೆ ಕರಡಿಯ ಎಣ್ಣೆ ಹಚ್ಚಿ ಬಾಚಿದರು. ಎಲ್ಲರೂ ಊಟ ಮಾಡಿದರು. ಅವಳೂ ತಟ್ಟೆಗೆ ಹಾಕಿದ್ದನ್ನು ತಿಂದಳು. ಜನ ಹೋದ ಮೇಲೆ ಕಂಬಳಿಗಳನ್ನು ಮಡಿಸಿ ಹಗ್ಗ ಬಿಗಿದಳು.

ಹೊತ್ತು ಪಡುವಣಕ್ಕೆ ವಾಲಿ ಸಂಜೆಯ ಅಳುವಿನ ಗಳಿಗೆ ಹತ್ತಿರವಾದಾಗ ಕೈಯಲ್ಲಿದ್ದ ಹಗ್ಗ ಬಿಟ್ಟು ಎದ್ದು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡಳು. ಹೊರಗೆ ನೋಡಲಿಲ್ಲ. ಹೊಸ್ತಿಲ ಮೇಲೆ ಕುಳಿತಿದ್ದ ಓನಟಬಿಗೆ ಅವಳ ಉಸಿರು ಮೇಲೇರಿ, ಬಾಯಿಗೆ ಬಂದು, ಅಲ್ಲೇ ಹಿಂದಕ್ಕೆ ಹೋದದ್ದು ಕೇಳಿಸಿತು.

"ಮಾವ, ಹೊತ್ತು ಮುಳುಗ್ತಾ?"

ಹೊಲದ ಅಂಚಿನ ಪೈನ್ ಮರಗಳ ಮೇಲೆ, ಏಳು ಹಸಿ ಗುಣಿಗಳ ಮೇಲೆ ಇನ್ನೂ ಬಿಸಿಲಿತ್ತು.

"ಮುಳುಗ್ತು ತಾಯಿ," ಎಂದ ಓನಟಬಿ. "ಒಳಗೆ ನಡಿ."