ಸೀಳದ ಹಾಳೆ

ಸೇವಂತಿಗೆಯ ಆ ಹಾರ ಗೋಮತಿಯ ಗಲ್ಲದವರೆಗೂ ಬಂತು, ಮೈಸೂರಿನಿಂದಲೇ ತರಿಸಿರಬೇಕು, ಸುಬೇದಾರರ ಮಗಳಲ್ಲವೇ — ಚಕ್ರವರ್ತಿಯ ಪಟದ ಕೆಳಗೆ ನಿಂತು ನಗುತ್ತಿದ್ದಾಳೆ, ಮನೋರಮಾ ಮುಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಜೋರಾಗಿ, ಹೊಟ್ಟೆಕಿಚ್ಚು ಯಾರ ಕಣ್ಣಿಗೂ ಬೀಳದಿರಲೆಂದು. ಇವಳ ಕೊರಳಲ್ಲೂ ಹಾರವಿತ್ತು, ಸಣ್ಣದು. ಮಂಗಳೂರಿನ ಒಂದೇ ಕಾಲೇಜು, ಹಾಸ್ಟೆಲಿನ ಒಂದೇ ಕೋಣೆ, ಇಬ್ಬರೂ ಬಿ.ಎ. ಪಾಸು, ಆದರೆ ಅವಳಿಗೆ ಫಸ್ಟ್ ಕ್ಲಾಸು, ಇವಳಿಗೆ ಸೆಕೆಂಡು, ಮಡಿಕೇರಿಯ ಈ ಹೆಣ್ಣುಮಕ್ಕಳ ಶಾಲೆಯಲ್ಲಿದ್ದ ಒಂದೇ ಒಂದು ಟೀಚರ್ ಕೆಲಸ ಅವಳ ಪಾಲಾಯಿತು, ಇನ್ನೇನು, ಇವಳ ಅಪ್ಪ ತಿಮ್ಮಪ್ಪಯ್ಯ ದೇವಸ್ಥಾನದಿಂದ ಬಂದವರೇ ಜಾತಕ ಬಿಚ್ಚುತ್ತಾರೆ, ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಮದುವೆ, ಮೊದಲೇ ಹೇಳಿದ್ದರು. ಯಾರ ಗಂಟಲಿನಿಂದ ಬಂದ ಫಸ್ಟ್ ಕ್ಲಾಸು ಅದು, ನೀ ಓದೇ ಮನೋರಮಾ, ನನಗೆ ಕಿವಿಗೆ ಬಿದ್ರೇ ತಲೆಗೆ ಹತ್ತೋದು — ಪುಸ್ತಕ ಅವಳದು, ಗಂಟಲು ಇವಳದು, ಆ ಸೆಕೆಯಲ್ಲಿ ಇವಳು ಓದಿ ಓದಿ ಬಾಯಿ ಒಣಗಿಸಿಕೊಂಡರೆ ಅವಳು ಜಡೆಯ ಪಿನ್ನುಗಳನ್ನು ಕಿಟಕಿಯಲ್ಲಿ ಸಾಲಾಗಿಟ್ಟು, ಕೂದಲು ಹರಡಿಕೊಂಡು, ಕಣ್ಣು ಮುಚ್ಚಿ ಮಲಗುವಳು. ಮದರಾಸಿನಿಂದ ಬಂದ ಚರಿತ್ರೆಯ ಪುಸ್ತಕ, ಹೊಸದು, ಅಚ್ಚಿನವರು ಕತ್ತರಿಸದೆ ಬಿಟ್ಟು ಅಂಚಿನಲ್ಲಿ ಹಾಳೆಗಳು ಕೂಡಿಕೊಂಡೇ ಇದ್ದವು, ಅವಳದೇ ಪಿನ್ನಿನಿಂದ ಸೀಳಿಕೊಂಡು ಓದಬೇಕು, ಸೀಳುವ ಕೆಲಸವೂ ಇವಳದೇ, ಪರೀಕ್ಷೆಗೆ ಎಂಟು ದಿನವಿದ್ದಾಗ ಅಂಥ ಒಂದು ಜೋಡಿ ಹಾಳೆಯ ಮೇಲೆ ಕೈ ನಿಂತಿತು, ಎಲ್ಲವನ್ನೂ ಅವಳ ಕಿವಿಗೇ ಏಕೆ ಸುರಿಯಲಿ, ದಾಟಿ ಮುಂದಿನ ಪುಟಕ್ಕೆ ಹೋದಳು, ದನಿ ನಡುಗಲಿಲ್ಲ, ಗೋಮತಿಯ ಕಣ್ಣು ಮುಚ್ಚಿತ್ತು. ಅಂದೇ ಅವಳು ಸ್ನಾನಕ್ಕೆ ಹೋದಾಗ ಮನೋರಮಾ ಆ ಹಾಳೆಗಳನ್ನು ಸೀಳದೆ, ಬಾಯಿ ಬಿಚ್ಚಿದ ಚೀಲದೊಳಗೆ ಇಣುಕಿದ ಹಾಗೆ ಇಣುಕಿ ಅರ್ಧರ್ಧ ಸಾಲು ಓದಿಕೊಂಡಳು, ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಅರ್ಧವೇ ಬರೆದಳು, ಅವಳಿಗೆ ಇಷ್ಟೂ ಗೊತ್ತಿರುವುದಿಲ್ಲವಲ್ಲ ಎಂದು ಖುಷಿಪಟ್ಟಳು, ಅದೆಂಥ ಖುಷಿ.

ಗೋಮತಿ ಮಾತಾಡುತ್ತಿದ್ದಾಳೆ, ನಾನು ಓದಿದ್ದು ಕಮ್ಮಿ, ಓದಿ ಹೇಳಿದ್ದೆಲ್ಲ ನಮ್ಮ ಮನೋರಮಾ — ಎಲ್ಲರೂ ಇವಳತ್ತ ತಿರುಗಿದರು, ಹೊಗಳುವುದೊಂದು ಬಾಕಿ ಇತ್ತು, ಮೈಯೆಲ್ಲ ಉರಿಯಿತು. ಈಗ ಇಳಿದು ಬಂದಳು, ಸೇವಂತಿಗೆಯ ವಾಸನೆ, ಇವಳ ಮಡಿಲಿಗೆ ಅದೇ ಚರಿತ್ರೆಯ ಪುಸ್ತಕ ಹಾಕಿದಳು, ಇದು ನಿನ್ಹತ್ರಾನೇ ಇರ್ಲಿ ಕಣೇ. ಹೆಬ್ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಯಿತು, ಹಾಳೆಗಳು ಸಲೀಸಾಗಿ ಬಿಡಿಸಿಕೊಂಡವು, ಅಂಚು ನೀಟಾಗಿ ಸೀಳಿದೆ, ನಡುವೆ ಒಂದು ಕಪ್ಪು ಪಿನ್ನು — ಯಾವಾಗ ಸೀಳಿದಳು, ಗೊತ್ತಿದ್ದೂ ಆಮೇಲೆ ಎಂಟು ದಿನ ಪಕ್ಕದಲ್ಲೇ ಉಂಡಳೇ, ಮಲಗಿದಳೇ, ಕಣ್ಣು ನಿಜಕ್ಕೂ ಮುಚ್ಚಿತ್ತೇ, ಆ ದಿನ ಕಿಟಕಿಯಲ್ಲಿ ಐದು ಪಿನ್ನು ಇದ್ದವು, ಮರುದಿನ ನಾಲ್ಕು, ಇನ್ನೊಂದೆಲ್ಲೇ ಎಂದು ಇವಳೇ ಮಂಚದ ಕೆಳಗೆ ಬಗ್ಗಿ ಹುಡುಕಿದ್ದಳು, ಬಿಡೇ, ಸಿಗತ್ತೆ ಎಂದಿದ್ದಳು ಗೋಮತಿ, ಸಿಗತ್ತೆ — ಆ ಪಿನ್ನು, ಕಪ್ಪು ಪಿನ್ನು —