ಹದಿನಾಲ್ಕು ಮನೆಗಳ ಕೇಬಲ್‌ನವನು

ಕೇಬಲ್‌ನವನ ಬಳಿ ಹನ್ನೊಂದು ತಿಂಗಳಿಂದ ಕೇಬಲ್ ಇರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ: ಅವನು, ಅವನ ಮಗಳು. ಅವನು ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಮಗಳು ಗೋಡೆಗೆ ಒರಗಿ ನಿಂತು, ದೊಡ್ಡಪ್ಪ ಟೇಬಲ್ ಫ್ಯಾನಿನ ವೈರು ಹಿಡಿದು ಪ್ಲಗ್ ಪಾಯಿಂಟಿಗೆ ತಡಕಾಡುವುದನ್ನು ನೋಡುತ್ತಿದ್ದಳು.

"ಇದೇನಿದು ಮಿಣಮಿಣ ಅಂತ?" ದೊಡ್ಡಪ್ಪ ಶೆಲ್ಫಿನ ಮೇಲಿದ್ದ ವೈಫೈ ಡಬ್ಬಿಯ ಪ್ಲಗ್ಗು ಕಿತ್ತು ಫ್ಯಾನಿನದ್ದನ್ನು ಸಿಕ್ಕಿಸಿದರು. "ಇವತ್ತೂ ಇಂಟರ್ನೆಟ್ ಬೇಕಾ ಈ ಮನೆಗೆ?"

"ದೊಡ್ಡಪ್ಪಾ, ಅದು..."

"ಏನು?"

"ಏನಿಲ್ಲ."

ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಆ ಕಟ್ಟಡದ ನಾಲ್ಕು ಮಹಡಿಗಳ ಹದಿನಾಲ್ಕು ಟಿವಿಗಳು ಆ ಒಂದು ಡಬ್ಬಿಯಿಂದ ನಡೆಯುತ್ತಿದ್ದವು. ಮಹಡಿಯವರೆಲ್ಲ ಬೆಳಿಗ್ಗೆಯೇ ಬಂದು ಮುಖ ನೋಡಿ ಹೋಗಿದ್ದರು. ಹೋಗಿ ಟಿವಿ ಹಾಕಿಕೊಂಡಿದ್ದರು. ವಯಸ್ಸಾದವರ ಮನೆಯಲ್ಲಿ ಟಿವಿ ಗಡಿಯಾರದ ಹಾಗೆ, ನೋಡಲಿ ಬಿಡಲಿ ನಡೆಯುತ್ತಿರಬೇಕು.

ದೊಡ್ಡಪ್ಪ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಹೇಳುತ್ತಿದ್ದ ಮಾತನ್ನು ಮತ್ತೆ ಶುರು ಮಾಡಿದರು. "ನನ್ನ ತಮ್ಮ ಜಾಣ ಅಂತ ನಾನು ಹೇಳಲ್ಲ. ಮೂವತ್ತು ವರ್ಷ ಕಂಬ ಹತ್ತಿ ವೈರು ಎಳೆದ, ಅಷ್ಟೆ. ಆದರೆ ಒಬ್ಬರಿಗೆ ಮೋಸ ಮಾಡಿದವನಲ್ಲ. ಅದೊಂದು ಮಾತು ಯಾರ ಮುಂದೆ ಬೇಕಾದರೂ ಹೇಳ್ತೀನಿ."

ಮಗಳು ಶೆಲ್ಫಿನ ಮೇಲೆ ಆರಿಹೋದ ಡಬ್ಬಿಯತ್ತ ನೋಡಿದಳು.

*

ಊರಿಗೆಲ್ಲ ಚಾನೆಲ್ ಕಳಿಸುತ್ತಿದ್ದ ಕಂಟ್ರೋಲ್ ರೂಮ್ ಮುಚ್ಚಿದ ದಿನ ಅವನು ಮಧ್ಯಾಹ್ನವೇ ಮನೆಗೆ ಬಂದಿದ್ದ. ಕಟಿಂಗ್ ಪ್ಲೇಯರನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತ.

"ಎಲ್ಲರಿಗೂ ಹೇಳಿಬಿಡಪ್ಪ, ಲೈನ್ ನಿಂತು ಹೋಯ್ತು ಅಂತ," ಎಂದಳು ಮಗಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಲ್ಲದ ಸರಕನ್ನು ಇಲ್ಲ ಎಂದು ಹೇಳುವುದು ಅವಳಿಗೆ ದಿನನಿತ್ಯದ ರೂಢಿ.

"ಕೇಬಲ್ ಇಲ್ಲ ಅಂದ್ರೆ ನಾನೇನಮ್ಮ? ಬರೀ ಮನುಷ್ಯ."

"ಅಷ್ಟು ಸಾಲದಾ?"

"ಅದಕ್ಕೆ ಯಾರೂ ಬಾಗಿಲು ತೆಗೆಯಲ್ಲ."

ಮರುದಿನ ಅವನು ಒಂದು ಚೀಲ ಕಡ್ಡಿಗಳನ್ನು ತಂದ. ಹೆಬ್ಬೆರಳಿನಷ್ಟು ಉದ್ದ, ಹೆಸರಿಲ್ಲದ ಕಂಪನಿಯ ಅಗ್ಗದ ಮಾಲು. ಟಿವಿಯ ಬೆನ್ನಿಗೆ ಚುಚ್ಚಿದರೆ ಸಾಕು, ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವುದೆಲ್ಲ ಪರದೆಯ ಮೇಲೆ ಬರುತ್ತಿತ್ತು. ಹದಿನಾಲ್ಕಕ್ಕೂ ಸೇರಿ ಮಗಳು ಫೋನಿನಲ್ಲೇ ಒಂದು ಖಾತೆ ತೆರೆದಳು. ಫೋಟೋ ಕೇಳಿದಾಗ ಅಪ್ಪನ ಗುರುತಿನ ಚೀಟಿಯದ್ದನ್ನೇ ಹಾಕಿದಳು, ಚೌಕಳಿ ಅಂಗಿ, ಗಾಬರಿಬಿದ್ದ ಕಣ್ಣು. ಅವರ ಮನೆಯದ್ದು ಹಳೇ ಕಾಲದ ದಪ್ಪ ಟಿವಿ. ಕಡ್ಡಿ ಚುಚ್ಚಲು ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಪರದೆ ಹೇಗೆ ಕಾಣುತ್ತದೆ ಎಂದು ಅವಳು ಯಾವತ್ತೂ ನೋಡಲಿಲ್ಲ.

ಅವನು ಒಂದೊಂದೇ ಮನೆಗೆ ಹೋದ. "ಕಂಟ್ರೋಲ್ ರೂಮ್ ಬದಲಾಗಿದೆ, ಹೊಸ ರಿಮೋಟ್ ಬಂದಿದೆ," ಎಂದ. ಸತ್ತ ಕೇಬಲ್ಲಿನ ತುದಿಯನ್ನು ಟಿವಿಯ ಹಿಂದೆ ಟೇಪು ಸುತ್ತಿ ಅಂಟಿಸಿದ, ನೋಡಿದವರಿಗೆ ಸಂಪರ್ಕ ಇದೆ ಎನ್ನಿಸುವ ಹಾಗೆ. ತಿಂಗಳ ಮೊದಲ ಭಾನುವಾರ ಎಂದಿನಂತೆ ವಸೂಲಿಗೂ ಹೋದ. ಮಗಳಿಗೆ ನಿದ್ದೆ ಕೆಟ್ಟದ್ದು ಅಂದಿನಿಂದ.

*

ಫ್ಯಾನು ಹಾಕಿದ ಸ್ವಲ್ಪ ಹೊತ್ತಿಗೆ ಮೊದಲು ವಾಪಸ್ ಬಂದವಳು ಎರಡನೇ ಮಹಡಿಯ ಟೈಲರ್ ಅಜ್ಜಿ. ಕೈಯಲ್ಲಿ ರಿಮೋಟ್ ಇತ್ತು. ಅವಳ ಹಿಂದೆ ರಿಟೈರ್ ಆದ ಮೇಷ್ಟ್ರು, ಅವರ ಹಿಂದೆ ಬಸ್ ಓಡಿಸುತ್ತಿದ್ದ ಡ್ರೈವರ್, ಮೆಟ್ಟಿಲ ಮೇಲೆ ಇನ್ನೂ ನಾಲ್ಕೈದು ತಲೆಗಳು.

"ನಿಂತು ಹೋಯ್ತು," ಎಂದಳು ಅಜ್ಜಿ.

ದೊಡ್ಡಪ್ಪ ತಲೆ ತಗ್ಗಿಸಿದರು. "ಹೌದಮ್ಮ. ನಿನ್ನೆ ಸಂಜೆ. ಹೃದಯ."

"ಅದು ಗೊತ್ತಪ್ಪ. ನಾನು ಹೇಳಿದ್ದು ಟಿವಿ."

ಮಗಳು ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಮೇಷ್ಟ್ರೂ ಡ್ರೈವರೂ ಕರೆಯದೆಯೇ ಹಿಂದೆ ಬಂದರು. ಇಬ್ಬರು ನಿಲ್ಲುವ ಜಾಗದಲ್ಲಿ ನಾಲ್ವರು ಒತ್ತಿಕೊಂಡು ನಿಂತರು.

"ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು," ಎಂದಳು. "ಹೊರಗೆ ದೊಡ್ಡಪ್ಪನ ಮುಂದೆ ಎತ್ತಬೇಡಿ, ಕೈ ಮುಗೀತೀನಿ. ಅಪ್ಪ ನಿಮಗೆಲ್ಲ ಸುಳ್ಳು ಹೇಳಿದ್ದ. ಕೇಬಲ್ ನಿಂತು ಹನ್ನೊಂದು ತಿಂಗಳಾಯ್ತು. ನಿಮ್ಮ ಟಿವಿಲಿ ಬರ್ತಿದ್ದದ್ದು ಬೇರೆ. ಒಂದು ಕಡ್ಡಿ ಹಾಕಿದ್ದ."

ಡ್ರೈವರ್ ಉಸಿರು ಬಿಟ್ಟ. "ಅಯ್ಯೋ, ಇಷ್ಟೇನಾ? ಎಲ್ಲೋ ಇನ್ನೊಂದು ಸಂಸಾರ ಇತ್ತು ಅಂತೀಯೇನೋ ಅಂದ್ಕೊಂಡೆ."

"ನಿಮಗೆ ಗೊತ್ತಿತ್ತಾ?"

"ಟಿವಿ ಹಾಕಿದ ತಕ್ಷಣ ಮೂಲೇಲಿ ದುಂಡಗೆ ನಿಮ್ಮಪ್ಪನ ಮುಖ ಬರುತ್ತಲ್ಲೇ," ಎಂದಳು ಅಜ್ಜಿ. "ಪೊಲೀಸ್ ಹಿಡಿದೋನ ಥರ. ಇದೇನಪ್ಪ ಅಂತ ಕೇಳಿದ್ದಕ್ಕೆ, ಎಲ್ಲರ ಮನೇಲೂ ಅವರವರ ಕೇಬಲ್‌ನವನ ಫೋಟೋ ಬರುತ್ತೆ, ಕಂಪನಿ ರೂಲು ಅಂದ."

"ರೂಲಂತೆ!" ಎಂದರು ಮೇಷ್ಟ್ರು. "ನಾನು ನಲವತ್ತು ವರ್ಷ ಹುಡುಗರ ಸುಳ್ಳು ಕೇಳಿದವನು. ಅಷ್ಟು ಕೆಟ್ಟ ಸುಳ್ಳು ಏಳನೇ ಕ್ಲಾಸಿನವನೂ ಹೇಳಲ್ಲ. ಅದೂ ಅಲ್ಲದೆ, ನಾನು ಗ್ರಹಗಳ ಬಗ್ಗೆ ನೋಡೋಣ ಅಂತ ತೆಗೆದರೆ ಮೊದಲು ಇವನ ಕುಸ್ತಿ, ಆಮೇಲೆ ಇವಳ ಕಾಲರ್ ಕಟಿಂಗು. ಎಲ್ಲರೂ ನೋಡಿದ್ದು ಎಲ್ಲರಿಗೂ ಕಾಣ್ತಿತ್ತು."

"ಕುಸ್ತಿ ಬಿಡಿ," ಎಂದ ಡ್ರೈವರ್. "ತಲೆಕೂದಲು ಮತ್ತೆ ಬೆಳೆಸೋದು ಹೇಗೆ ಅಂತ ಇಪ್ಪತ್ತು ಸಲ ನೋಡಿದೋರು ಯಾರು? ಅದನ್ನ ಹೇಳಿ."

ಮೇಷ್ಟ್ರು ಬೋಳುತಲೆಯನ್ನು ಕಿಟಕಿಯ ಕಡೆ ತಿರುಗಿಸಿದರು.

"ಮತ್ತೆ ಯಾಕೆ ಕೇಳಲಿಲ್ಲ ಅಪ್ಪನ್ನ?"

"ಕೇಳಿದ್ರೆ ನಾಚಿಕೆ ಪಟ್ಟು ಬರೋದು ಬಿಡ್ತಿದ್ದ," ಎಂದಳು ಅಜ್ಜಿ. "ನನಗೆ ಬಲ್ಬ್ ಯಾರು ಹಾಕೋರು? ಸೂಜಿಗೆ ದಾರ ಪೋಣಿಸಿ ಕೊಡೋನು ಅವನೇ. ಹತ್ತು ಸೂಜಿ, ಒಂದೇ ಸಲ."

ಮಗಳಿಗೆ ನಗು ಬಂತು. ತಡೆಯಲು ಆಗಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗ್ಯಾಸ್ ಕಟ್ಟೆಗೆ ಹಣೆ ಹಚ್ಚಿದಳು. ಭುಜಗಳು ಕುಲುಕುತ್ತಿದ್ದವು. ನಡುಮನೆಯಿಂದ ಯಾರೋ "ಅಳಲಿ ಬಿಡಿ, ಬೆಳಿಗ್ಗೆಯಿಂದ ಅತ್ತಿಲ್ಲ," ಎಂದರು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳಿಗೆ ಪೂರ್ತಿ ಉಸಿರಾಡಲು ಆಯಿತು.

ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. "ಏನದು, ನನ್ನ ತಮ್ಮ ಸುಳ್ಳು ಗಿಳ್ಳು ಅಂತ ಏನೋ ಕೇಳಿಸ್ತು?"

ಅವಳ ನಗು ನಿಂತಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಏನಿಲ್ಲ. ನಿಮ್ಮ ತಮ್ಮನಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ ಅಂತ ಮಾತಾಡ್ತಿದ್ವಿ," ಎಂದರು.

"ಅದನ್ನೇ ನಾನು ಬೆಳಿಗ್ಗೆಯಿಂದ ಹೇಳ್ತಿರೋದು!"

"ಫ್ಯಾನ್ ತೆಗೆದು ಆ ಪ್ಲಗ್ಗು ಹಾಕಪ್ಪ," ಎಂದಳು ಅಜ್ಜಿ. "ಗಾಡಿ ಬಂತು."

ದೊಡ್ಡಪ್ಪ ಮೊಣಕಾಲಿಗೆ ಕೈ ಊರಿ ಬಗ್ಗಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಡಬ್ಬಿಯ ಪ್ಲಗ್ಗನ್ನು ಸಿಕ್ಕಿಸಿದರು.

ನಾಲ್ವರು ಅವನನ್ನು ಎತ್ತಿದರು. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಪ್ರತಿ ಸಲ ನಿಂತು ಓರೆ ಮಾಡಿಕೊಳ್ಳಬೇಕಿತ್ತು. ಕಟ್ಟಡದವರೆಲ್ಲ ಟಿವಿ ಆರಿಸದೆ, ಬಾಗಿಲು ತೆರೆದಿಟ್ಟೇ ಬಂದಿದ್ದರು. ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಒಂದು ಮನೆಯೊಳಗಿಂದ ಕುಸ್ತಿಯ ಗದ್ದಲ ಎದ್ದಿತು. ಪಕ್ಕದ ಮನೆಯ ಟಿವಿಯಲ್ಲಿ ಒಬ್ಬಳು ಕಾಲರಿಗೆ ಎಷ್ಟು ಬಟ್ಟೆ ಬಿಡಬೇಕೆಂದು ಹೇಳತೊಡಗಿದಳು. ಮೇಲೆ, ಕೆಳಗೆ, ಒಂದಾದ ಮೇಲೊಂದು ಟಿವಿ ತಾನಾಗಿ ಮಾತು ಶುರು ಮಾಡಿತು. ಮೇಷ್ಟ್ರು ತಮ್ಮ ಬಾಗಿಲನ್ನು ದಾಟಿಯೇ ನಡೆದರು. ಡ್ರೈವರ್ ಮುಂದಿನ ತುದಿಗೆ ಹೆಗಲು ಕೊಟ್ಟಿದ್ದ; ಅವನ ಕುಸ್ತಿಯಲ್ಲಿ ಯಾರು ಗೆದ್ದರು ಎಂದು ಅವನು ತಿರುಗಿ ನೋಡಲಿಲ್ಲ. ಅಜ್ಜಿ ರಿಮೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಬಿ ಹಿಡಿದು ಇಳಿದಳು. ಆರಿಸಲು ಯಾರೂ ಒಳಗೆ ಹೋಗಲಿಲ್ಲ.

ಗಾಡಿಯ ಬಾಗಿಲು ಹಾಕಿದರು. ಮೇಲಿನ ಸದ್ದು ರಸ್ತೆಗೂ ಕೇಳುತ್ತಿತ್ತು.

ಯಾರೂ ನೋಡದೆ ಓಡುತ್ತಿದ್ದ ಟಿವಿಗಳು ಹದಿನಾಲ್ಕು. ಕಟ್ಟಡದಲ್ಲಿ ಕಡಿಮೆಯಾದವನು ಒಬ್ಬ.